ಅಂಗಡಿಯ ಕಾಗದ ಯಾರ ಕಪಾಟಿನಲ್ಲಿರಬೇಕು?

ನಮ್ಮ ಕಡೆಯ ವ್ಯಾಪಾರಸ್ಥರ ಮನೆಗಳಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಕೀರ್ದಿ, ಖತಾವಣಿ, ಕರಾರು ಪತ್ರ, ಬಾಡಿಗೆ ಚೀಟಿಗಳನ್ನೆಲ್ಲ ಕೆಂಪು ಅರಿವೆಯಲ್ಲಿ ಗಂಟು ಕಟ್ಟಿ, ಅಂಗಡಿಯ ಗಾದಿಯ ಹಿಂದಿರುವ ಸಂದೂಕದಲ್ಲಿ ಇರಿಸುತ್ತಿದ್ದರು. ಬರೆಯುವವನು ದಿವಾಣಜಿಯೇ ಆದರೂ ಆ ಗಂಟು ಅವನ ಮನೆಗೆ ಹೋಗುತ್ತಿರಲಿಲ್ಲ. ದಿವಾಣಜಿ ಬದಲಾಗುತ್ತಿದ್ದ, ಯಜಮಾನರು ಕಾಲವಶರಾಗುತ್ತಿದ್ದರು, ಮಕ್ಕಳು ಗಾದಿಗೆ ಬರುತ್ತಿದ್ದರು. ಸಂದೂಕ ಮಾತ್ರ ಇದ್ದಲ್ಲಿಯೇ ಇರುತ್ತಿತ್ತು. ಅದು ಯಾವ ಒಬ್ಬ ವ್ಯಕ್ತಿಯದೂ ಆಗಿರದೆ ಅಂಗಡಿಯದಾಗಿತ್ತು.

ಇಂದು ಆ ಗಂಟು ಕಣ್ಣಿಗೆ ಕಾಣದು. ಕಾಗದಪತ್ರಗಳು ಕಂಪ್ಯೂಟರನ್ನೂ ದಾಟಿ, ಅಂತರ್ಜಾಲದ ಮೂಲಕ ದೂರದ ಊರಿನ ಯಂತ್ರಾಗಾರಗಳಲ್ಲಿ ನೆಲೆಸಿವೆ. ಕ್ಲೌಡ್ ಎಂದು ಕರೆಯಲ್ಪಡುವ ಈ ವ್ಯವಸ್ಥೆಯನ್ನು ತಿಂಗಳ ಶುಲ್ಕ ತೆತ್ತು ಬಳಸುವ ಚಿಕ್ಕ ಅಂಗಡಿಗಳು, ಗಿರಣಿಗಳು, ಶಾಲೆಗಳು, ಪ್ರಸಾದ ನಿಲಯಗಳು ನಮ್ಮ ಸಮಾಜದಲ್ಲಿ ಈಗ ಬೇಕಾದಷ್ಟಿವೆ. ಆದರೆ ಈ ಹೊಸ ಭಂಡಾರದಲ್ಲಿಯೂ ವ್ಯಕ್ತಿಯ ಕಪಾಟು ಬೇರೆ, ಅಂಗಡಿಯ ಸಂದೂಕ ಬೇರೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ತಿಳಿಯದಿದ್ದರೆ ಏನಾಗುತ್ತದೆಂಬುದನ್ನು ನಾನು ಒಂದು ಮನೆತನದಲ್ಲಿ ಕಣ್ಣಾರೆ ಕಂಡೆ. ಮನೆಯವರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ ಇಲ್ಲಿ ಬರೆಯುತ್ತಿದ್ದೇನೆ.

ಹಾವೇರಿ ಜಿಲ್ಲೆಯ ಮೆಣಸಿನಕಾಯಿ ವ್ಯಾಪಾರದ ಮನೆತನ ಅದು. ಇಬ್ಬರು ಅಣ್ಣತಮ್ಮಂದಿರ ಪಾಲುದಾರಿಕೆ. ಅಣ್ಣನವರು ಖರೀದಿ ಮತ್ತು ಹಣಕಾಸು ನೋಡುವವರು. ತಮ್ಮನವರು ಶೀತಲಗೃಹ ಮತ್ತು ಸಾಗಾಣಿಕೆ ನೋಡುವವರು. ತಮ್ಮನ ಮಗ ಇಂಜಿನಿಯರಿಂಗ್ ಓದಿ ಬಂದು, ಮೂರು ವರ್ಷ ಅಂಗಡಿಯಲ್ಲಿಯೇ ಕುಳಿತ. ಮೈಕ್ರೋಸಾಫ್ಟ್ 365 ಎಂಬ ಕಚೇರಿ ತಂತ್ರಾಂಶವನ್ನು ಅಂಗಡಿಗೆ ತರಿಸಿದವನೂ ಅವನೇ. ಕರಾರುಗಳು, ಬ್ಯಾಂಕಿನ ಪತ್ರಗಳು, ಲಾರಿ ಚೀಟಿಗಳು ಎಲ್ಲವನ್ನೂ ಚೊಕ್ಕವಾಗಿ ಸ್ಕ್ಯಾನು ಮಾಡಿ, ವರ್ಷವಾರು ಜೋಡಿಸಿ, ದೊಡ್ಡಪ್ಪನವರ ಫೋನಿನಲ್ಲಿಯೂ ಕಾಣುವಂತೆ ಮಾಡಿದ. ಎಲ್ಲರೂ ಹೊಗಳಿದರು. ಹೊಗಳತಕ್ಕ ಕೆಲಸವೇ ಆಗಿತ್ತು.

ಅವನು ಅದನ್ನೆಲ್ಲ ಇರಿಸಿದ್ದು ಒನ್‌ಡ್ರೈವ್ ಎಂಬಲ್ಲಿ. ಇದು ಅಂಗಡಿ ಹಣ ಕೊಟ್ಟು ಪಡೆದ ಜಾಗವೇ. ಆದರೂ ಅವನ ಹೆಸರಿನ ಖಾತೆಗೆ ಕಟ್ಟಿಹಾಕಿದ ಜಾಗ. ಅಲ್ಲಿಂದ ಒಂದು ಕೊಂಡಿಯನ್ನು ಉಳಿದವರಿಗೆ ಹಂಚಿಕೊಟ್ಟಿದ್ದರಿಂದ ಎಲ್ಲರ ಪರದೆಯ ಮೇಲೂ ಕಾಗದಗಳು ಕಾಣುತ್ತಿದ್ದವು. ಎಲ್ಲರಿಗೂ ಕಾಣುತ್ತವೆಂದ ಮೇಲೆ ಎಲ್ಲರವೂ ಆಗಿರಬೇಕೆಂದು ಮನೆಯವರು ಭಾವಿಸಿದರು. ಮೋಸ ಹೋಗುವುದು ಇಲ್ಲಿಯೇ. ನೆರೆಮನೆಯ ಕಿಟಕಿಯಿಂದ ಬೆಳಕು ನಮ್ಮ ಅಂಗಳಕ್ಕೆ ಬಿದ್ದ ಮಾತ್ರಕ್ಕೆ ದೀಪ ನಮ್ಮದಾಗುವುದಿಲ್ಲವಷ್ಟೆ.

ಹುಡುಗನಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತು, ಹೋದ. ಇಲ್ಲದ ಮನುಷ್ಯನಿಗಾಗಿ ತಿಂಗಳ ಶುಲ್ಕ ಏಕೆಂದು ದೊಡ್ಡಪ್ಪನವರು ಅವನ ಖಾತೆಯನ್ನು ತೆಗೆಸಿಹಾಕಿದರು. ಮಿತವ್ಯಯದ ಮನೆಯಲ್ಲಿ ಇದು ಸಹಜವಾದ ನಿರ್ಧಾರ. ಕೆಲವು ದಿನಗಳಲ್ಲಿ ಹಂಚಿಕೆಯ ಕೊಂಡಿಗಳು ತೆರೆಯದಾದವು. ನೆಟ್‌ವರ್ಕ್ ದೋಷವಿರಬೇಕೆಂದು ಯಾರೂ ಲಕ್ಷ್ಯ ಕೊಡಲಿಲ್ಲ. ಹಂಗಾಮು ಮುಗಿದಿತ್ತು, ಕಾಗದಗಳ ಅಗತ್ಯವೂ ಬೀಳಲಿಲ್ಲ. ಆರನೆಯ ತಿಂಗಳು ವಿಮೆಯವರ ಪತ್ರ ಬಂತು. ಹಿಂದಿನ ವರ್ಷ ಶೀತಲಗೃಹದಲ್ಲಿ ನೀರು ಸೋರಿ ಹಾಳಾದ ಚೀಲಗಳ ಬಗ್ಗೆ ಮೂಲ ಛಾಯಾಚಿತ್ರಗಳು, ದಾಸ್ತಾನಿನ ದಿನವಹಿ, ಮೊದಲ ದಿನ ಕಳಿಸಿದ ಸೂಚನಾ ಪತ್ರ ಇವೆಲ್ಲವನ್ನೂ ಒದಗಿಸಬೇಕೆಂದು ಅದರಲ್ಲಿತ್ತು. ಹುಡುಕಿದರೆ ಒಂದೂ ಇಲ್ಲ.

ದೊಡ್ಡಪ್ಪನವರು ಪುಣೆಗೆ ಫೋನು ಮಾಡಿ ಕೇಳಿದ ಮೊದಲ ಮಾತೇ, "ಅಂಗಡಿ ಕಾಗದಾ ಯಾಕ ಒಯ್ದೀಪಾ?" ಎಂದು. ಹುಡುಗನಿಗೆ ಎದೆ ಒಡೆದಂತಾಯಿತು. "ನನ್ನ ಹತ್ರ ಎಲ್ಲಿ ಅದಾವ್ರಿ ದೊಡ್ಡಪ್ಪಾ, ಅವು ಅಂಗಡಿ ಖಾತೇದಾಗನ ಇದ್ವಲ್ರಿ" ಎಂದ. ಇಬ್ಬರೂ ಹೇಳಿದ್ದು ಒಂದು ರೀತಿಯಲ್ಲಿ ಸರಿ. ಆದರೆ ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಶೀತಲಗೃಹ ತಮ್ಮನ ಉಸ್ತುವಾರಿಯದು, ಕಾಗದ ಇಟ್ಟವನು ತಮ್ಮನ ಮಗ. ಏನನ್ನೋ ಮುಚ್ಚಿಡಲು ಅಳಿಸಿದ್ದಾರೆಂಬ ಗುಸುಗುಸು ಅಡತಿ ಅಂಗಡಿಗಳ ತನಕ ಹೋಯಿತು. ಒಂದೇ ಅಂಗಳದ ಮನೆಯಲ್ಲಿ ಎರಡು ಒಲೆ ಹೂಡುವ ಮಾತೂ ಬಂತು. ಮನೆಯ ಹಿರಿಯ ಅಮ್ಮನವರು ನನ್ನನ್ನು ಕರೆಸಿ, "ನೀವು ಲೆಕ್ಕಾಪತ್ರ ಬಲ್ಲವರು, ಇದೇನೈತಿ ನೋಡ್ರಿ" ಎಂದಾಗ ನಾನು ಹೋದೆ.

ಅಲ್ಲಿ ಕಳ್ಳರಾರೂ ಇರಲಿಲ್ಲ. ಆ ತಂತ್ರಾಂಶದ ನಿಯಮ ಹೀಗಿದೆ: ಒಬ್ಬರ ಖಾತೆಯನ್ನು ಅಳಿಸಿದರೆ, ಬೇರೆ ಏರ್ಪಾಡು ಮಾಡಿರದಿದ್ದಲ್ಲಿ, ಅವರ ಒನ್‌ಡ್ರೈವ್‌ನಲ್ಲಿರುವುದನ್ನು 30 ದಿನ ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಆ ಅವಧಿಯಲ್ಲಿ, ಖಾತೆದಾರರ ಮೇಲಧಿಕಾರಿ ಯಾರೆಂದು ಮೊದಲೇ ನಮೂದಿಸಿದ್ದರೆ, ಅವರಿಗೆ ಇ-ಮೇಲ್ ಮೂಲಕ ಸೂಚನೆ ಹೋಗುತ್ತದೆ. ಕಾಗದಗಳನ್ನು ತೆಗೆದಿಟ್ಟುಕೊಳ್ಳುವ ಅಧಿಕಾರವೂ ಅವರಿಗೆ ದೊರೆಯುತ್ತದೆ. ನಮ್ಮ ಮನೆತನದಲ್ಲಿ ಆ ಅಂಕಣ ಖಾಲಿಯಿತ್ತು. ದೊಡ್ಡಪ್ಪನನ್ನು ಮೇಲಧಿಕಾರಿಯೆಂದು ಬರೆಯಬೇಕೆಂದು ಯಾರಿಗೆ ಹೊಳೆಯಬೇಕು? 30 ದಿನ ಕಳೆದ ಮೇಲೆ ಕಡತಗಳು ಕಸದಬುಟ್ಟಿಗೆ ಸರಿಯುತ್ತವೆ. ಅಲ್ಲಿ 93 ದಿನಗಳವರೆಗೆ ಅವನ್ನು ಆಡಳಿತದ ಅಧಿಕಾರವುಳ್ಳವರು ಮರಳಿ ಪಡೆಯಬಹುದು. ಎರಡನ್ನೂ ಕೂಡಿದರೆ ನಾಲ್ಕು ತಿಂಗಳಿಗೆ ಸ್ವಲ್ಪ ಹೆಚ್ಚು. ನಾವು ಕಣ್ಣು ತೆರೆದದ್ದು ಆರನೆಯ ತಿಂಗಳು. 30 ದಿನಗಳ ಆ ಗಡುವನ್ನು ಗರಿಷ್ಠ 3650 ದಿನಗಳವರೆಗೆ ಹೆಚ್ಚಿಸಿಕೊಳ್ಳುವ ಅವಕಾಶವೂ ಆಡಳಿತ ಪುಟದಲ್ಲಿದೆ. ಆದರೆ ಖಾತೆಯ ಶುಲ್ಕ ನಿಂತ ಮೇಲೆ ಹಾಗೆ ಉಳಿದ ಕಡತಗಳನ್ನು 93 ದಿನಗಳ ನಂತರ ಬೇರೊಂದು ಸಂಗ್ರಹಕ್ಕೆ ಸೇರಿಸಿ ಬೀಗ ಹಾಕುವ ನಿಯಮವನ್ನು 2025ರ ಜನವರಿಯಿಂದ ಜಾರಿಗೆ ತಂದಿದ್ದಾರೆ. ಅದನ್ನು ತೆರೆಯಲು ಹಣ ಕಟ್ಟಬೇಕು. ಆದುದರಿಂದ ಬಿಟ್ಟುಹೋದವರ ಕಪಾಟನ್ನೇ ಅಂಗಡಿಯ ಭಂಡಾರವೆಂದು ನಂಬಿ ಕೂಡ್ರುವುದು ಯಾವ ಲೆಕ್ಕದಲ್ಲಿಯೂ ಸರಿಹೋಗದು.

ಈ ದಿನಗಳನ್ನು ಕಾನೂನಿನ ಅವಧಿಗಳ ಪಕ್ಕದಲ್ಲಿ ಇಟ್ಟು ನೋಡಬೇಕು. ಜಿ.ಎಸ್.ಟಿ. ಕಾಯ್ದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿರಿಸಬೇಕು. ಕಂಪನಿಯಾಗಿ ನೋಂದಾಯಿಸಿಕೊಂಡವರು 2013ರ ಕಂಪನಿ ಕಾಯ್ದೆಯಂತೆ 8 ಹಣಕಾಸು ವರ್ಷಗಳ ಪುಸ್ತಕಗಳನ್ನು ಇಟ್ಟುಕೊಂಡಿರಬೇಕು. ವಿದ್ಯುನ್ಮಾನ ರೂಪದಲ್ಲಿದ್ದರೆ ಅವುಗಳ ಪ್ರತಿಯೊಂದು ಭಾರತದಲ್ಲಿರುವ ಯಂತ್ರದಲ್ಲಿ ಪ್ರತಿದಿನ ಉಳಿಯುವಂತೆ ನೋಡಿಕೊಳ್ಳಬೇಕೆಂದು 2022ರಲ್ಲಿ ನಿಯಮವನ್ನು ಬಿಗಿಗೊಳಿಸಲಾಗಿದೆ. ಸರಕಾರ 72 ತಿಂಗಳು ಕೇಳುವ ಕಾಗದವನ್ನು 30 ದಿನಗಳ ಆಯುಷ್ಯದ ಮೇಲೆ ನಿಲ್ಲಿಸಿದ್ದೆವು.

ಸಂದೂಕ ಯಾವುದು?

ಅದೇ ತಂತ್ರಾಂಶದಲ್ಲಿ, ಅದೇ ಶುಲ್ಕದಲ್ಲಿ, ಶೇರ್‌ಪಾಯಿಂಟ್ ಎಂಬ ಇನ್ನೊಂದು ಜಾಗವಿದೆ. ಹಳೆಯ ಕಾಲದ ಸಂದೂಕಕ್ಕೆ ಇದನ್ನು ಹೋಲಿಸಬಹುದು. ಇದು ವ್ಯಕ್ತಿಯ ಹೆಸರಿಗೆ ಅಂಟಿಕೊಂಡಿರದೆ ಸಂಸ್ಥೆಯ ಹೆಸರಿನಲ್ಲಿರುತ್ತದೆ. ಒಬ್ಬರು ಬಿಟ್ಟುಹೋದರೆ ಅವರ ಹೆಸರನ್ನು ಸದಸ್ಯರ ಯಾದಿಯಿಂದ ತೆಗೆದರಾಯಿತು; ಅವರು ತಂದಿಟ್ಟ ಕಾಗದಗಳು ಅಲ್ಲಿಯೇ ಇರುತ್ತವೆ. ವ್ಯಾಪಾರೀ ಯೋಜನೆಗಳಲ್ಲಿ ಒಟ್ಟು ಸಂಸ್ಥೆಗೆ 1 ಟೆರಾಬೈಟ್ ಮತ್ತು ಪ್ರತಿ ಖಾತೆಗೆ 10 ಗಿಗಾಬೈಟ್‌ನಂತೆ ಹೆಚ್ಚಿನ ಜಾಗ ಇದಕ್ಕೆ ದೊರೆಯುತ್ತದೆ. ಮೆಣಸಿನಕಾಯಿ ಅಂಗಡಿಯ ಕಾಗದಗಳಿಗೆ ಇದು ಹಲವು ತಲೆಮಾರಿಗೆ ಸಾಕು.

ಟೀಮ್ಸ್ ಎಂಬ ಮೂರನೆಯ ಹೆಸರು ಕೇಳಿ ಜನ ಗೊಂದಲಕ್ಕೀಡಾಗುತ್ತಾರೆ. ಟೀಮ್ಸ್ ಬೇರೆ ಉಗ್ರಾಣವಲ್ಲ. ಮಾತನಾಡುವ ಪಡಸಾಲೆ ಅದು. ಅಲ್ಲಿ ಒಂದು ತಂಡ ಕಟ್ಟಿದರೆ ಅದರ ಹಿಂದೆ ತಾನಾಗಿಯೇ ಒಂದು ಶೇರ್‌ಪಾಯಿಂಟ್ ಜಾಗ ಹುಟ್ಟುತ್ತದೆ. ತಂಡದ ಚಾನೆಲ್‌ನಲ್ಲಿ ಹಾಕಿದ ಕಡತ ಆ ಸಂದೂಕಕ್ಕೆ ಸೇರುತ್ತದೆ. ಆದರೆ ಅದೇ ಟೀಮ್ಸ್‌ನಲ್ಲಿ ಇಬ್ಬರು ಖಾಸಗಿಯಾಗಿ ಹರಟುವಾಗ ಕಳಿಸಿದ ಕಡತವು ಕಳಿಸಿದವರ ಒನ್‌ಡ್ರೈವ್‌ನಲ್ಲಿ ಕುಳಿತುಕೊಳ್ಳುತ್ತದೆ! ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುವುದರಿಂದ ಕಲಿತವರೂ ಇಲ್ಲಿ ಎಡವುತ್ತಾರೆ. ಕರಾರಿನ ಕೊನೆಯ ಪ್ರತಿಯನ್ನು "ಇಲ್ಲೇ ಕಳಿಸ್ತೀನಿ ತಗೋ" ಎಂದು ಖಾಸಗಿ ಸಂಭಾಷಣೆಯಲ್ಲಿ ಕಳಿಸಿಬಿಟ್ಟರೆ ಅದು ಸಂದೂಕಕ್ಕೆ ಬರಲೇ ಇಲ್ಲವೆಂದು ತಿಳಿಯತಕ್ಕದ್ದು.

ಗೂಗಲ್‌ನ ಕಚೇರಿ ತಂತ್ರಾಂಶ ಬಳಸುವವರಿಗೂ ಇದೇ ವಿವೇಕ ಬೇಕು. ಅಲ್ಲಿ ಮೈ ಡ್ರೈವ್ ಎಂಬುದು ವ್ಯಕ್ತಿಯದು, ಶೇರ್ಡ್ ಡ್ರೈವ್ ಎಂಬುದು ಸಂಸ್ಥೆಯದು. ವ್ಯಕ್ತಿಯ ಖಾತೆಯನ್ನು ಅಳಿಸುವಾಗ ಅವರ ಕಡತಗಳನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕೇ ಎಂದು ಅದು ಕೇಳುತ್ತದೆ. ಅವಸರದಲ್ಲಿ ಬೇಡವೆಂದು ಒತ್ತಿದವರಿಗೆ ಖಾತೆಯನ್ನು ಮರಳಿ ಜೀವಂತಗೊಳಿಸಲು 20 ದಿನಗಳ ಕಾಲಾವಕಾಶ ಮಾತ್ರ.

ಹಾಗೆಂದು ಒನ್‌ಡ್ರೈವ್ ಕೆಟ್ಟದ್ದೆಂದು ಹೇಳುವುದು ಅನ್ಯಾಯ. ಪ್ರತಿಯೊಬ್ಬ ಕೆಲಸಗಾರನಿಗೂ ತನ್ನದೇ ಆದ ಮೇಜಿನ ಖಾನೆ ಬೇಕು. ಇನ್ನೂ ಪೂರ್ತಿಯಾಗದ ಕರಡು, ಸ್ವಂತದ ಟಿಪ್ಪಣಿ, ಯಜಮಾನರಿಗೆ ತೋರಿಸುವ ಮುನ್ನ ಹತ್ತು ಸಲ ತಿದ್ದಬೇಕಾದ ಪಟ್ಟಿ ಇವೆಲ್ಲ ಅಲ್ಲಿರುವುದೇ ಲೇಸು. ಕಾಗದಕ್ಕೆ ಸಹಿ ಬಿದ್ದಿದೆಯೋ, ಅದನ್ನು ಇನ್ನೊಬ್ಬರು ನಂಬಿ ಕೆಲಸ ಮಾಡಬೇಕೋ, ಅಥವಾ ನಾಳೆ ನಾನಿಲ್ಲದಿದ್ದರೂ ಅಂಗಡಿಗೆ ಅದು ಬೇಕೋ, ಆಗ ಅದನ್ನು ಸಂದೂಕಕ್ಕೆ ಸಾಗಿಸಬೇಕು. ಸಾಗಿಸುವಾಗ ನಕಲು ಮಾಡದೆ 'ಮೂವ್' ಎಂಬ ಆಜ್ಞೆಯಿಂದ ಸ್ಥಳಾಂತರಿಸಿದರೆ ಕಾಗದದ ಹಿಂದಿನ ತಿದ್ದುಪಡಿಗಳ ಇತಿಹಾಸವೂ ಜೊತೆಗೆ ಹೋಗುತ್ತದೆ. ಎರಡು ಪ್ರತಿಗಳಾಗಿ ಯಾವುದು ನಿಜವೆಂಬ ಜಗಳವೂ ಹುಟ್ಟದು. ಯಾರು ಯಾವಾಗ ತಿದ್ದಿದರೆಂಬ ಈ ಇತಿಹಾಸ ಅಣ್ಣತಮ್ಮಂದಿರ ಅಂಗಡಿಗಳಲ್ಲಿ ಎಷ್ಟು ಬೆಲೆಯುಳ್ಳದ್ದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗುಟ್ಟಿನ ಮಾತು. ಎಲ್ಲವನ್ನೂ ಸಂಸ್ಥೆಯ ಜಾಗದಲ್ಲಿ ಇಟ್ಟರೆ ಪಗಾರದ ಪಟ್ಟಿ, ಮನೆಯವರ ಹಣದ ವಿವರ ಹಮಾಲನ ಮಗನಿಗೂ ಕಾಣುವುದಿಲ್ಲವೇ ಎಂದು ದೊಡ್ಡಪ್ಪನವರು ಕೇಳಿದರು. ಯೋಗ್ಯವಾದ ಪ್ರಶ್ನೆ. ಒಂದೇ ಸಂದೂಕದೊಳಗೆ ಹತ್ತು ಖಾನೆಗಳಿಗೆ ಹತ್ತು ಬೀಗ ಜಡಿಯುವ ಸೌಲಭ್ಯವಿದೆಯಾದರೂ ನಾನು ಅದನ್ನು ಸಲಹೆ ಮಾಡಲಿಲ್ಲ. ಎರಡು ವರ್ಷದಲ್ಲಿ ಯಾವ ಬೀಗದ ಕೈ ಯಾರ ಬಳಿಯಿದೆಯೆಂದು ಹಾಕಿದವರಿಗೇ ಮರೆತಿರುತ್ತದೆ. ಅದಕ್ಕಿಂತ ಎರಡು ಸಂದೂಕಗಳನ್ನೇ ಇಡುವುದು ಒಳ್ಳೆಯದು. ಅಂಗಡಿಯ ದೈನಂದಿನ ಕಾಗದಗಳಿಗೆ ಒಂದು, ಪಾಲುದಾರರಿಗೆ ಮಾತ್ರ ಇನ್ನೊಂದು. ಪ್ರತಿಯೊಂದಕ್ಕೂ ಒಡೆಯರ ಸ್ಥಾನದಲ್ಲಿ ಕನಿಷ್ಠ ಇಬ್ಬರ ಹೆಸರಿರಬೇಕು. ಒಬ್ಬರೇ ಇದ್ದರೆ ನಾವು ಮತ್ತೆ ಹುಡುಗನ ಕಪಾಟಿಗೇ ಮರಳಿದಂತೆ. ಕೊಂಡಿ ಇದ್ದವರೆಲ್ಲ ತೆರೆಯಬಹುದೆಂಬ ಹಂಚಿಕೆಯನ್ನು ಪಾಲುದಾರರ ಸಂದೂಕದಲ್ಲಿ ಪೂರ್ತಿ ಮುಚ್ಚಿಸಿದೆವು. ಪ್ರವೇಶಿಸುವಾಗ ಗುಪ್ತಪದದ ಜೊತೆಗೆ ಫೋನಿನಲ್ಲಿ ಎರಡನೆಯ ದೃಢೀಕರಣ ಬೇಕೆಂಬ ಕಟ್ಟಳೆಯನ್ನೂ ಹಾಕಿದೆವು. ಇದಕ್ಕೆ ದೊಡ್ಡಪ್ಪನವರು ಮೊದಲು ಸಿಡಿಮಿಡಿಗೊಂಡರು.

ಪತ್ರವ್ಯವಹಾರದ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ವಿಮೆಯವರ, ಬ್ಯಾಂಕಿನವರ ಪತ್ರಗಳು ಹುಡುಗನ ಇ-ಮೇಲ್‌ಗೇ ಬರುತ್ತಿದ್ದುದು ಇನ್ನೊಂದು ಲೋಪ. ಲೆಕ್ಕಪತ್ರದ ಹೆಸರಿನಲ್ಲಿ ಒಂದು ಸಾಮಾನ್ಯ ಅಂಚೆಪೆಟ್ಟಿಗೆಯನ್ನು ತೆರೆಯಬಹುದು. ಮೈಕ್ರೋಸಾಫ್ಟ್‌ನಲ್ಲಿ 50 ಗಿಗಾಬೈಟ್‌ವರೆಗೆ ಅದಕ್ಕೆ ಬೇರೆ ಶುಲ್ಕವಿಲ್ಲ.

ನಮ್ಮ ಸಂಸ್ಥೆಗಳೂ ಮನೆಗಳೂ

ಅಂಗಡಿಗಿಂತ ಹೆಚ್ಚಾಗಿ ನನಗೆ ಚಿಂತೆಯಾಗುವುದು ನಮ್ಮ ಸಾರ್ವಜನಿಕ ಸಂಸ್ಥೆಗಳ ಬಗ್ಗೆ. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆ ಶತಮಾನ ದಾಟಿ ಬೆಳೆದಿದೆ. ಅಷ್ಟು ದೊಡ್ಡ ಸಂಸ್ಥೆಗಳಿಗೆ ಕಚೇರಿಯೂ ಸಿಬ್ಬಂದಿಯೂ ಇರುತ್ತಾರೆ. ತಾಲೂಕಿನ ಸಮಾಜದ ಸಂಘ, ಅಕ್ಕನ ಬಳಗ, ಮಠದ ಪ್ರಸಾದ ನಿಲಯದ ಸಮಿತಿ ಇವುಗಳ ಸ್ಥಿತಿ ಬೇರೆ. ಕಾರ್ಯದರ್ಶಿಗಳು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಠರಾವುಗಳು, ದೇಣಿಗೆಯ ರಸೀದಿಗಳು, ವಿದ್ಯಾರ್ಥಿಗಳ ಅರ್ಜಿಗಳು ಅವರವರ ಸ್ವಂತ ಜಿ-ಮೇಲ್‌ನಲ್ಲಿ, ಇಲ್ಲವೇ ವಾಟ್ಸಾಪ್ ಗುಂಪಿನಲ್ಲಿ ಉಳಿಯುತ್ತವೆ. ದಾಸೋಹಕ್ಕೆಂದು ಭಕ್ತರು ಕೊಟ್ಟ ಹಣದ ರಸೀದಿ ಯಾರದೋ ಫೋನಿನೊಳಗೆ ಇರುವುದು ಶೋಭೆಯಲ್ಲ. ಆ ಫೋನು ಬಸ್ಸಿನಲ್ಲಿ ಕಳೆದುಹೋದರೆ ಸಮಾಜಕ್ಕೆ ಉತ್ತರ ಹೇಳುವವರು ಯಾರು?

ಕಾಗದ ವ್ಯಕ್ತಿಯ ಮನೆಯಲ್ಲಿ ಉಳಿದರೆ ಏನಾಗುತ್ತದೆಂಬುದು ನಮ್ಮ ಸಮಾಜಕ್ಕೆ ಹೊಸದೇನಲ್ಲ. ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠಗಳನ್ನು ಸುತ್ತಿ ತಾಡೋಲೆಗಳನ್ನು ಹುಡುಕಿ ತಂದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅವರ ಕೈಗೆ ಬಂದದ್ದನ್ನು ನಾವು ಓದುತ್ತಿದ್ದೇವೆ. ಜಗಲಿಯ ಮೇಲೆ ಪೂಜೆಗೊಳ್ಳುತ್ತಲೇ ಗೆದ್ದಲು ಹಿಡಿದದ್ದೆಷ್ಟೋ, ಲೆಕ್ಕವಿಟ್ಟವರಿಲ್ಲ. ಅವನ್ನು ಇಟ್ಟುಕೊಂಡವರಿಗೆ ಭಕ್ತಿಯೇನೂ ಕಡಿಮೆಯಿರಲಿಲ್ಲ.

ಮನೆಗಳಿಗೆ ಸಂಬಂಧಿಸಿ ಎರಡು ಮಾತು. ಉಚಿತ ಜಿ-ಮೇಲ್ ಖಾತೆಯನ್ನು ಎರಡು ವರ್ಷ ಯಾರೂ ತೆರೆಯದಿದ್ದರೆ ಅದನ್ನು ಒಳಗಿನ ಕಡತಗಳ ಸಮೇತ ಅಳಿಸಬಹುದೆಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ತಂದೆಯವರು ಲಿಂಗೈಕ್ಯರಾದ ಮೇಲೆ ಅವರ ಖಾತೆಯಲ್ಲಿ ಹೊಲದ ನಕಾಶೆ, ವಿಮೆಯ ಪಾಲಿಸಿ, ಹಳೆಯ ಫೋಟೋಗಳು ಇದ್ದುವೆಂದು ಮಕ್ಕಳಿಗೆ ನೆನಪಾಗುವಷ್ಟರಲ್ಲಿ ಆ ಎರಡು ವರ್ಷ ಮುಗಿದಿರಬಹುದು. ಖಾತೆ ಇಂತಿಷ್ಟು ಕಾಲ ಸುಮ್ಮನಿದ್ದರೆ ಇಂಥವರಿಗೆ ತಿಳಿಸು, ಕಡತಗಳನ್ನು ಕೊಡು ಎಂದು ಮೊದಲೇ ಬರೆದಿಡುವ ಏರ್ಪಾಡು ಗೂಗಲ್‌ನಲ್ಲಿದೆ; ಹಿರಿಯರು ಮೊಮ್ಮಕ್ಕಳನ್ನು ಕೂಡ್ರಿಸಿಕೊಂಡು ಅದನ್ನು ಮಾಡಿಸಿಡಬಹುದು. ಎರಡನೆಯದಾಗಿ, ಎಲ್ಲವೂ ಕ್ಲೌಡ್‌ನಲ್ಲಿದೆಯೆಂದು ಮೂಲ ಪತ್ರಗಳನ್ನು ಅಲಕ್ಷಿಸಬಾರದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊದಲ ಅನುಸೂಚಿಯು ಮೃತ್ಯುಪತ್ರ ಮತ್ತು ಟ್ರಸ್ಟ್ ಪತ್ರಗಳನ್ನು ವಿದ್ಯುನ್ಮಾನ ದಾಖಲೆಗಳ ಮಾನ್ಯತೆಯಿಂದ ಹೊರಗಿಟ್ಟಿದೆ. ಅವುಗಳ ಸ್ಕ್ಯಾನು ಪ್ರತಿ ಓದಲು ಅನುಕೂಲ. ಸಹಿ ಬಿದ್ದ ಕಾಗದ ಮಾತ್ರ ಕಬ್ಬಿಣದ ಪೆಟ್ಟಿಗೆಯಲ್ಲಿಯೇ ಇರಬೇಕು.

ನಮ್ಮ ಮೆಣಸಿನಕಾಯಿ ಮನೆತನದ ಕಥೆ ಅರ್ಧಕ್ಕೆ ನಿಂತಿದೆ. ಕಳೆದುಹೋದದ್ದರಲ್ಲಿ ಎಷ್ಟೋ ಕಾಗದಗಳು ಲೆಕ್ಕ ಪರಿಶೋಧಕರ ಕಚೇರಿಯಿಂದ ದೊರೆತವು. ಬ್ಯಾಂಕಿಗೆ ಕೊಟ್ಟ ದಾಸ್ತಾನಿನ ಪಟ್ಟಿಗಳ ಪ್ರತಿ ಬ್ಯಾಂಕಿನಲ್ಲಿಯೇ ಇತ್ತು. ಶೀತಲಗೃಹದ ಕಾವಲುಗಾರನ ಹಳೆಯ ಫೋನಿನಲ್ಲಿ ತೊಯ್ದ ಚೀಲಗಳ ಏಳು ಚಿತ್ರಗಳು ಸಿಕ್ಕವು. ಅವನ ಮಗಳು ಆಟವಾಡುತ್ತ ತೆಗೆದವುಗಳೂ ಅದರಲ್ಲಿದ್ದವು. ಸಿಕ್ಕದ್ದನ್ನು ಕೂಡಿಸಿ ಕಳಿಸಿದ ಮೇಲೆ ವಿಮೆಯ ಹಣ ಭಾಗಶಃ ಬಂತು, ಪೂರ್ತಿ ಬರಲಿಲ್ಲ. ಖಾತೆ ಅಳಿಸಿದವರು ತಾವೇ ಎಂದು ತಿಳಿದ ದಿನ ದೊಡ್ಡಪ್ಪನವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ತಾವೇ ಪುಣೆಗೆ ಫೋನು ಹಚ್ಚಿದರು. ಏನು ಮಾತಾಡಿದರೆಂದು ನಾನು ಕೇಳಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದೆ.

ದೀಪಾವಳಿಯಂದು ಅಂಗಡಿಯ ಪೂಜೆಗೆ ನನಗೂ ಕರೆಯಿತ್ತು. ಹುಡುಗ ಬಂದಿದ್ದ. ಹೊಸ ಕೀರ್ದಿ ಪುಸ್ತಕಕ್ಕೆ ವಿಭೂತಿ, ಕುಂಕುಮ ಹಚ್ಚಿ, ಪಕ್ಕದಲ್ಲಿ ಲ್ಯಾಪ್‌ಟಾಪಿಗೂ ಒಂದು ಹೂ ಏರಿಸಿದ್ದರು. ಪಾಲುದಾರರ ಸಂದೂಕಕ್ಕೆ ಒಡೆಯರಾಗಿ ಯಾರ ಯಾರ ಹೆಸರು ಹಾಕಲಿ ಎಂದು ಹುಡುಗ ಕೇಳಿದ. "ನಿಮ್ಮಪ್ಪಂದು ಒಂದು, ನಿಂದು ಒಂದು ಹಾಕು. ನನಗ ಓದಾಕ ಬಂದ್ರ ಸಾಕು" ಎಂದರು ದೊಡ್ಡಪ್ಪನವರು. ತಮ್ಮನವರು ಅದಕ್ಕೆ ಒಪ್ಪಲಿಲ್ಲ. ಕಡೆಗೆ ಮೂವರ ಹೆಸರೂ ಬಿದ್ದವು.